ಹಿಮ್ಮಡಿಯ ಕೆಳಗೆ

ಉಣ್ಣೆಯ ವಾಸನೆ, ಬಿಸಿಲಿಗೆ ಕಾದ ಕುರಿಯ ವಾಸನೆ, ಅಂದರೆ ಬಾಲಮ್ಮ ಮತ್ತೆ ಮಗಳ ಮೊಣಕಾಲಿನ ಕೆಳಗೆ ಕಂಬಳಿ ಮಡಚಿ ಇಟ್ಟಿದ್ದಾಳೆ, ಮನೆಯಲ್ಲಿ ಇಡುವುದಲ್ಲದೆ ಸುರಪುರದ ಈ ಫಿಜಿಯೋಥೆರಪಿ ಮಂಚದ ಮೇಲೂ, ಕೂಸಿಗಿ ನೋವಾಗ್ತದ್ರಿ ಮೇಡಮ್, ಮೆತ್ತಗಿರಲಿ — ಮೆತ್ತಗೆ ಇಟ್ಟೇ ಅಲ್ಲವೇ ಮೊಣಕಾಲು ಬಾಗಿದಲ್ಲೇ ಬಿಗಿದದ್ದು, ಖೋ-ಖೋ ಆಡುತ್ತಿದ್ದ ಕವಿತಾಳ ಕಾಲು, ಹರಿದ ಲಿಗಮೆಂಟನ್ನು ಕಲಬುರಗಿಯಲ್ಲಿ ಸರಿಪಡಿಸಿ ಕಳಿಸಿದ್ದಾರೆ, ಗಾಯ ಮಾಗಿದೆ, ತೊಡೆಯ ಸ್ನಾಯು ಮಾತ್ರ ಎಚ್ಚರಾಗಿಲ್ಲ, ಸತ್ತಿಲ್ಲ, ಪೆಟ್ಟಾದ ಮೊಣಕಾಲನ್ನು ಕಾಯಲೆಂದು ಮೆದುಳೇ ಅದನ್ನು ಸುಮ್ಮನಾಗಿಸಿದೆ, ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ, ಬೆರಗಾಗಿರಲಿಲ್ಲ. ಕಂಬಳಿ ತೆಗೆದೆ. ಬಿಳಿ ಹಾಸಿನ ಮೇಲೆ ಹಿಮ್ಮಡಿ, ಅಂಟಿಸಿದ ಹಾಗೆ. ಇವತ್ತೂ ಎತ್ತಲಿಲ್ಲಂದ್ರ ನಾಳಿಂದ ಬರಂಗಿಲ್ರಿ, ನಮ್ಮ ಕುಂಟ ಟಗರ ಇಕಿಗಿಂತ ಚಲೋ ನಡೀತದ, ಬಾಲಮ್ಮನ ಗೊಣಗಾಟ, ಹಂಗಾರ ಆಡಾಕ ಟಗರನ್ನೇ ಕಳಸವ್ವ ಎಂದು ಕವಿತಾ ನಗುತ್ತಾಳೆ, ಕಣ್ಣಲ್ಲಿ ನೀರು, ಮತ್ತೆ ಓಡುತ್ತೇನೋ ಇಲ್ಲವೋ ಎಂದು ಒಮ್ಮೆಯೂ ಕೇಳದ ಹುಡುಗಿ, ಅವಳ ಕೈಯನ್ನು ಮೊದಲು ಚೆನ್ನಾಗಿರುವ ತೊಡೆಯ ಮೇಲೆ ಇಡಿಸುತ್ತೇನೆ, ಇದು ಹೇಗೆ ಬಿಗಿಯುತ್ತದೆ ನೋಡು, ಈಗ ಅದನ್ನೇ ಆ ಕಾಲಿಗೆ ಹೇಳು — ಒಂದು ಕಾಲಿನಿಂದ ಇನ್ನೊಂದು ಕಾಲು ಕಲಿಯುತ್ತದೆ, ಹೌದು, ಕಲಿಯುತ್ತದೆ. ಕಾಂತೇಶನ ಕಾಲು ಇದಕ್ಕಿಂತ ಭಾರವಿತ್ತು, ಶಹಾಪುರದ ರಸ್ತೆಯಲ್ಲಿ ಬೈಕಿನಿಂದ ಬಿದ್ದವನು, ಐಸಿಯುನಲ್ಲಿ ಕಣ್ಣು ತೆರೆಯಲೇ ಇಲ್ಲ, ಕೀಲು ಬಿಗಿಯದಿರಲೆಂದು ಗಂಡನ ಕಾಲನ್ನು ನಾನೇ ಎತ್ತುತ್ತಿದ್ದೆ, ಹಿಮ್ಮಡಿಯ ಕೆಳಗೆ ಅಂಗೈ ಕೊಟ್ಟು, ಎತ್ತಿದರೆ ಏಳುತ್ತಿತ್ತು, ಬಿಟ್ಟರೆ ಬೀಳುತ್ತಿತ್ತು, ಸ್ವಲ್ಪ ನೀನೂ ಎತ್ತು ಎಂದಿದ್ದೆ ಕಿವಿಯ ಬಳಿ, ಬಿಳಿ ಹಾಸು, ಹಿಮ್ಮಡಿ, ಮತ್ತೆ ಹಾಸು ಅವನ ಮುಖದ ಮೇಲೆ. ಮನೆಗೆ ಹೋದರೆ ಅತ್ತೆ ನೀರಿನ ಕೊಡವನ್ನೂ ಮುಟ್ಟಗೊಡುವುದಿಲ್ಲ, ಕುಂದ್ರವ್ವ ಪಂಚಶೀಲಾ, ನೀ ಏನೂ ಮಾಡಬ್ಯಾಡ, ಕೂರುತ್ತೇನೆ, ಮೆತ್ತಗೆ.

ಬೆರಳ ಕೆಳಗೆ ಏನೋ ಮಿಸುಕಿತು, ನನ್ನದೇ ನಾಡಿಯೇ, ಅಲ್ಲ, ಮೊಣಕಾಲಿನ ಚಿಪ್ಪು ಮೇಲಕ್ಕೆ ಜಗ್ಗಿತು, ಕೂದಲೆಳೆಯಷ್ಟು, ತೊಡೆಯ ಮೇಲೆ ಚರ್ಮ ನಡುಗುತ್ತಿದೆ, ಮಳೆಗೆ ಮುನ್ನ ನೆಲದೊಳಗೆ ಯಾರೋ ನಡೆದ ಹಾಗೆ, ಬಂತೇನ್ರಿ ಅಕ್ಕಾರ, ಬಂತು, ಬಿಗಿ ಹಿಡಿ, ಉಸಿರು ಕಟ್ಟಬೇಡ, ನನ್ನ ಅಂಗೈ ರೂಢಿಯಂತೆ ಅವಳ ಹಿಮ್ಮಡಿಯ ಕೆಳಗೆ ಹೋಗಿಬಿಟ್ಟಿದೆ, ಕೈ ತೆಗೀರಿ ಅಕ್ಕಾರ, ನಾನೇ ಎತ್ತತೀನಿ, ಕೈ ಬರುತ್ತಿಲ್ಲ, ತೆಗೀರಿ ಅಂದ್ನಲ್ರಿ — ತೆಗೆದೆ, ಬೀಳುತ್ತದೆ, ಬೀಳುತ್ತದೆ ಎಂದು ಕಾಯುತ್ತಿದ್ದೇನೆ, ಬಾಲಮ್ಮ ಕಂಬಳಿಯನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ, ಕಿಟಕಿಯ ಬಿಸಿಲು ಹಾಸಿನ ಮೇಲೆ ಹರಿದು ಆಚೆಗೆ ಹೋಗುತ್ತಿದೆ, ಅಲ್ಲಿಂದ, ಹಿಮ್ಮಡಿಯ ಕೆಳಗಿಂದ, ಬಿಳಿ ಹಾಸು, ಹಿಮ್ಮಡಿ, ನಡುವೆ ಬೆಳಕು, ನನ್ನ ಕೈ ಇಲ್ಲ, ಹಿಮ್ಮಡಿ, ಅದರ ಕೆಳಗೆ ಬೆಳಕು