ಅರ್ಧ ಕಾರು, ಅರ್ಧ ಜೀಪು

ಅಂಗಳದಲ್ಲಿ ಲಕ್ಷ್ಮಿಕಾಂತ್ ವೆಲ್ಡಿಂಗ್ ಮಷೀನು ಚಾಲೂ ಮಾಡಿದನೆಂದರೆ, ಒಳಗೆ ಮಂಗಳಾಳ ಹೊಲಿಗೆ ಮಷೀನು ಕುಂಯ್ ಅಂತ ನರಳಿ ನಿಧಾನವಾಗುತ್ತಿತ್ತು. ತಲೆ ಮೇಲಿನ ಫ್ಯಾನೂ ಅಷ್ಟೇ. ಮದುವೆಗಳ ಕಾಲ. ಬ್ಲೌಸಿನ ಬಟ್ಟೆಗಳು ಗಂಟುಗಂಟಾಗಿ ಮಂಚದ ಮೇಲೆ ಬಿದ್ದಿದ್ದವು. ಆದೋನಿಯ ಅರ್ಧ ಹೆಣ್ಣುಮಕ್ಕಳು ಫೋನ್ ಮಾಡಿ ‘ಅಕ್ಕಾ, ಆಯ್ತಾ?’ ಅನ್ನುತ್ತಿದ್ದರು. ‘ಆಗ್ತೈತಿ’ ಅಂದು ಅಂದು ಅವಳ ಬಾಯಿ ಒಣಗಿತ್ತು.

ಗಂಡ ಲಕ್ಷ್ಮಿಕಾಂತನಿಗೆ ಆಲೂರು ರಸ್ತೆಯಲ್ಲಿ ಸ್ವಂತ ಶೆಡ್ ಇತ್ತು. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರಾಲಿಗಳ ರಿಪೇರಿಯೆಲ್ಲ ಅಲ್ಲೇ ನಡೆಯುತ್ತಿತ್ತು. ಇದೊಂದು ಕೆಲಸವನ್ನು ಮಾತ್ರ ಮನೆಗೆ ಹೊತ್ತು ತಂದಿದ್ದ. ಯಾಕೆಂದರೆ ಇದು ಮಾವನ ಕೆಲಸ. ಮಾವ ದಿನಾ ಬಂದು ಕೂರುತ್ತಾರೆ, ಶೆಡ್ಡಿನಲ್ಲಿ ಗಿರಾಕಿಗಳ ಎದುರು ಅವರ ಸಲಹೆ ಕೇಳುತ್ತ ನಿಲ್ಲಲು ಆಗುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಆ ಸಲಹೆ ಈಗ ಮಂಗಳಾಳ ಕಿಟಕಿಯ ಕೆಳಗೇ ನಡೆಯುತ್ತಿತ್ತು.

ಅವಳ ಅಪ್ಪ ಮಾರೆಪ್ಪ ಹೊಳಗುಂದದ ಕುರಿ ಸಾಕುವವನು. ಊರಾಚೆ ಕಲ್ಲುದಾರಿಯಲ್ಲಿ ಹೋದರೆ ಅವರ ಹೊಲ, ಹೊಲದ ಬದಿಗೆ ಕುರಿದೊಡ್ಡಿ. ಅವ್ವ ಜಂಬಮ್ಮ ಮೊದಲೆಲ್ಲ ದಿನಾ ನಡೆದು ಹೋಗಿಬರುತ್ತಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ನಿಂತಿತು. ಒಂದು ಸಲ ಯಾರದೋ ಬಾಗಿಲಿಲ್ಲದ ಜೀಪಿನಲ್ಲಿ ಕೂರಿಸಿಕೊಂಡು ಹೋದಾಗ ತಿರುವಿನಲ್ಲಿ ಜಾರಿ ಹೊರಗೆ ಬೀಳುವುದರಲ್ಲಿದ್ದಳು. ಅಂದಿನಿಂದ ಬಾಗಿಲಿಲ್ಲದ ಗಾಡಿ ಹತ್ತುವುದಿಲ್ಲ ಅಂದಳು. ಬಾಗಿಲಿರುವ ಕಾರುಗಳು ಆ ದಾರಿಯ ಕಲ್ಲಿಗೆ ಹೊಟ್ಟೆ ತಾಗಿಸಿಕೊಂಡು ಕೂತುಬಿಡುತ್ತಿದ್ದವು.

ಮಾರೆಪ್ಪ ಯೋಚನೆ ಮಾಡಿದ. ಮಾಡಬಾರದಿತ್ತು ಎಂದು ಮಂಗಳಾ ಈಗ ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಾಳೆ. ಗುಜರಿಯಿಂದ ಎಂಜಿನ್ ಇಲ್ಲದ ಹಳೇ ಅಂಬಾಸಿಡರ್ ಕಾರನ್ನೂ, ಪರಿಚಯದವರಿಂದ ಮೈಯೆಲ್ಲ ತುಕ್ಕು ತಿಂದು, ತಳದ ಚಾಸಿ ಮತ್ತು ಎಂಜಿನ್ ಮಾತ್ರ ಗಟ್ಟಿಯಿದ್ದ ಜೀಪನ್ನೂ ಎಳೆದು ತಂದು ಅಳಿಯನ ಅಂಗಳದಲ್ಲಿ ನಿಲ್ಲಿಸಿದ. ಜೀಪಿನ ಚಾಸಿ ಮೇಲೆ ಕಾರಿನ ಮುಂಭಾಗ ಕೂರಬೇಕು, ಹಿಂದೆ ಕುರಿ ಹಾಕಲು ಗಿಡ್ಡದೊಂದು ಡಬ್ಬಿ ಬರಬೇಕು. ಬಾಗಿಲೂ ಆಯಿತು, ಎತ್ತರವೂ ಆಯಿತು, ಕುರಿಗೆ ಜಾಗವೂ ಆಯಿತು.

‘ರೋಡಿಗೆ ತಂದ್ರ ಬ್ರೇಕ್ ಇನ್‌ಸ್ಪೆಕ್ಟರ್ ಹಿಡಿತಾನ್ರಿ ಮಾವ,’ ಲಕ್ಷ್ಮಿಕಾಂತ್ ಮೊದಲೇ ಹೇಳಿದ್ದ.

‘ರೋಡಿಗೆ ಯಾಕ ತರ್ಲಿ? ಮನಿಯಿಂದ ನಮ್ಮ ಹೊಲಕ್ಕ, ಹೊಲದಿಂದ ಮನಿಗೆ. ಹಿತ್ತಲ ಬಾಗಿಲಿಂದ ನಮ್ಮದೇ ದಾರಿ ಐತಿ.’

ಒಂದು ವಾರದ ಕೆಲಸ ಎಂದುಕೊಂಡಿದ್ದರು. ಕಾರನ್ನು ಕೊಯ್ದು ಚಾಸಿ ಮೇಲೆ ಇಟ್ಟ ದಿನ ಮುಂದಿನ ಚಕ್ರಗಳು ಮಡ್‌ಗಾರ್ಡಿನ ನಡುವೆ ಬರುವ ಬದಲು ಬಾಗಿಲ ಹತ್ತಿರಕ್ಕೆ ಬಂದು ನಿಂತವು. ಬಾಡಿಯನ್ನು ಹಿಂದಕ್ಕೆ ಸರಿಸಿದರೆ ಸ್ಟೇರಿಂಗ್ ರಾಡು ಮುಟ್ಟಲಿಲ್ಲ. ಅದನ್ನು ಮುಟ್ಟಿಸಿದರೆ ಜೀಪಿನ ಎಂಜಿನ್ ಎತ್ತರ ಬಂದು ಕಾರಿನ ಬಾನೆಟ್ ಮುಚ್ಚಲಿಲ್ಲ. ಲಕ್ಷ್ಮಿಕಾಂತ್ ಬಾನೆಟ್ಟಿಗೆ ಕಿಂಡಿ ಕೊರೆದು ಅದರ ಮೇಲೆ ತಗಡಿನ ಗೂನು ಕೂರಿಸಿದ. ಮಾರೆಪ್ಪ ಅದನ್ನು ಸುತ್ತ ನೋಡಿ, ‘ಇದೇನಪಾ, ಗಾಡಿಗೆ ಬಾವು ಬಂದಂಗ ಐತಿ’ ಅಂದ.

ಲಕ್ಷ್ಮಿಕಾಂತ್ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ನೀರು ಕುಡಿಯಲು ಒಳಗೆ ಬಂದ. ಎರಡು ಚೊಂಬು ಕುಡಿದ. ಮತ್ತೆ ಹೊರಗೆ ಹೋಗಿ ಸುತ್ತಿಗೆ ಎತ್ತಿಕೊಂಡ.

ಆಮೇಲೆ ಹಿಂದಿನ ಡಬ್ಬಿಯ ಜಗಳ ಹತ್ತಿತು. ಮೊದಲು ಎಂಟು ಕುರಿ ನಿಲ್ಲುವಷ್ಟು ಬೇಕು ಅಂದಿದ್ದ ಮಾರೆಪ್ಪ. ಅದಕ್ಕೆ ತಕ್ಕಂತೆ ಕಬ್ಬಿಣ ಕೊಯ್ದದ್ದಾಯಿತು. ಮರುದಿನ ಬಂದವನೇ, ‘ನಿಮ್ಮತ್ತಿ ಕಾಲು ಚಾಚಬೇಕಲ್ಲಪಾ, ಆಕಿಗೆ ಹಿಂದೊಂದು ಸೀಟು ಬೇಕು’ ಅಂದ. ಮುಂದಿನ ಭಾಗ ಉದ್ದವಾಯಿತು, ಡಬ್ಬಿ ಗಿಡ್ಡವಾಯಿತು. ಎರಡು ದಿನ ಬಿಟ್ಟು, ಆ ಸೀಟು ಇಕ್ಕಟ್ಟಾಯಿತು, ಇನ್ನಷ್ಟು ಬಿಡಿಸು ಅಂದ. ಡಬ್ಬಿ ಮತ್ತೂ ಗಿಡ್ಡವಾಯಿತು. ಡಬ್ಬಿಗಿಂತ ಹಿಂದಕ್ಕೆ ಚಾಚಿಕೊಂಡ ಚಾಸಿಯ ಬಾಲವನ್ನು ಲಕ್ಷ್ಮಿಕಾಂತ್ ಕೊಯ್ದು ತೆಗೆದ ದಿನ, ಮಾರೆಪ್ಪ ಬಂದು ನೋಡಿ ತಲೆ ಮೇಲೆ ಕೈಹೊತ್ತ.

‘ಇದರಾಗ ಮೂರು ಕುರಿ ಹಿಡಿತಾವೇನೋ! ಮೂರು ಕುರಿಗೆ ಇಷ್ಟೆಲ್ಲಾ ಬೇಕಿತ್ತಾ?’

‘ನೀವೇ ಹೇಳಿದ್ರಲ್ರೀ!’

‘ನಾ ಹೇಳ್ದೆ. ನಿನಗ ತಲಿ ಇಲ್ಲಾ? ಕೊಯ್ಯೋನು ನೀನು.’

ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು. ಕೆಲಸ ಮಾತ್ರ ನಿಲ್ಲಲಿಲ್ಲ. ಮಾರೆಪ್ಪ ಬೆಳಗಿನ ಬಸ್ಸಿಗೆ ಬಂದು ಕಿಟಕಿಯ ಕೆಳಗೆ ಕೂತು, ‘ಮಂಗ್ಳಾ, ನಿನ್ನ ಗಂಡಗ ಹೇಳು, ಆ ಬಾಗಿಲು ಸರಿಯಾಗಿ ಕುಂತಿಲ್ಲ’ ಅನ್ನುವನು. ಎರಡು ಮಾರು ದೂರದಲ್ಲಿದ್ದ ಲಕ್ಷ್ಮಿಕಾಂತ್, ‘ನಿಮ್ಮಪ್ಪಗ ಹೇಳು, ಇನ್ನೂ ಬೋಲ್ಟ್ ಹಾಕಿಲ್ಲ’ ಅನ್ನುವನು. ಮಂಗಳಾ ಮೊದಮೊದಲು ತಲೆ ಹೊರಗೆ ಹಾಕಿ ಒಂದೊಂದು ಮಾತನ್ನೂ ದಾಟಿಸಿದಳು. ಬರಬರುತ್ತ ಸುಮ್ಮನಿದ್ದಳು. ಅವಳು ಸುಮ್ಮನಿದ್ದರೆ ಇಬ್ಬರೂ ಅವಳನ್ನೇ ಬೈಯುತ್ತಿದ್ದರು.

ಆ ದಿನ ಮದುಮಗಳೊಬ್ಬಳ ರೇಷ್ಮೆ ಬ್ಲೌಸಿನ ತೋಳು ಹೊಲಿಯುತ್ತಿರುವಾಗ ಕರೆಂಟು ಒಮ್ಮೆ ಕುಗ್ಗಿ ಒಮ್ಮೆಲೆ ಏರಿತು. ಸೂಜಿ ಓಡಿಬಿಟ್ಟಿತು. ಗೆರೆ ತಪ್ಪಿದ ಹೊಲಿಗೆ ಕತ್ತಿನತನಕ ಹೋಯಿತು. ಹೊರಗಿನಿಂದ ಅಪ್ಪನ ದನಿ ಬಂತು: ‘ಮಂಗ್ಳಾ, ನಿನ್ನ ಗಂಡಗ ಹೇಳು...’

ಅವಳು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು.

‘ಅಪ್ಪಾ, ಈ ಗಾಡಿ ಯಾರ ಸಲುವಾಗಿ?’

‘ನಿಮ್ಮವ್ವನ ಸಲುವಾಗಿ, ಮತ್ತ್ಯಾರ ಸಲುವಾಗಿ?’

‘ಅವ್ವನ್ನ ಕೇಳಿಯಾ?’

‘ಏನು ಕೇಳೋದು?’

ಗಂಡನ ಕಡೆ ತಿರುಗಿದಳು. ‘ನೀವು ಕೇಳೀರಾ?’

ಲಕ್ಷ್ಮಿಕಾಂತ್ ಕಪ್ಪು ಕನ್ನಡಕ ಹಣೆಗೇರಿಸಿ ಮಾವನ ಮುಖ ನೋಡಿದ. ಬಹಳ ದಿನದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಆಗಲೇ.

ಮರುದಿನ ಮಂಗಳಾ ಹೊಲಿಗೆಯೆಲ್ಲ ಬದಿಗಿಟ್ಟು ಹೊಳಗುಂದಕ್ಕೆ ಹೋಗಿ ಅವ್ವನನ್ನು ಬಸ್ಸಿನಲ್ಲಿ ಕರೆತಂದಳು. ಬಸ್ಸು ಹತ್ತಿಸಲು, ಇಳಿಸಲು ಕಂಡಕ್ಟರೂ ಕೈ ಕೊಡಬೇಕಾಯಿತು. ದಾರಿಯುದ್ದಕ್ಕೂ ಜಂಬಮ್ಮ ಮೊಣಕಾಲು ನೀವಿಕೊಳ್ಳುತ್ತ, ‘ನನ್ನನ್ಯಾಕ ಎಳ್ಕೊಂಡು ಹೊಂಟಿ?’ ಅನ್ನುತ್ತಿದ್ದಳು.

ಅಂಗಳದಲ್ಲಿ ಗಾಡಿ ನೋಡಿ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಮಾರೆಪ್ಪ ದೊಡ್ಡ ಗತ್ತಿನಲ್ಲಿ ಹಿಂದಿನ ಬಾಗಿಲು ತೆಗೆದ. ‘ಹತ್ತು. ಕಾಲು ಚಾಚ್ಕೊಂಡು ಕುಂದ್ರು.’

ಜಂಬಮ್ಮ ಕಾಲೆತ್ತಿದಳು. ಚಾಸಿ ಜೀಪಿನದು, ಬಾಗಿಲ ಹೊಸ್ತಿಲು ಅವಳ ಮೊಣಕಾಲಿಗಿಂತ ಮೇಲಿತ್ತು. ಇನ್ನೊಮ್ಮೆ ಎತ್ತಿದಳು. ಆಗಲಿಲ್ಲ. ಬಾಗಿಲು ಹಿಡಿದುಕೊಂಡು ಹಾಗೇ ನಿಂತಳು.

‘ನಾ ಇದನ್ನ ಹೆಂಗ ಹತ್ತಲಿ?’

ಇಷ್ಟು ದಿನ ಅಳೆದದ್ದೇನು, ಕೊಯ್ದದ್ದೇನು, ಮಾತು ಬಿಟ್ಟದ್ದೇನು! ಮಂಗಳಾಳಿಗೆ ನಗು ಬರಬೇಕಿತ್ತು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

‘ಮತ್ತ ಹಿಂದ್ಯಾಕ ಕುಂದರಸ್ತಿ ನನ್ನ?’ ಜಂಬಮ್ಮ ಗಂಡನನ್ನು ಕೇಳಿದಳು. ‘ನಾ ಮುಂದ ಕುಂದರ್ತೀನಿ. ನನಗ ದಾರಿ ಕಾಣಬೇಕು, ಹೊಲ ಕಾಣಬೇಕು. ಹಿಂದ ಕುಂತು ನಿನ್ನ ರುಮಾಲು ನೋಡ್ಕೋತ ಹೋಗ್ಲಾ?’

‘ಕಾಲು ಚಾಚ್ಲಿ ಅಂತ...’

‘ಕಾಲು ಚಾಚಾಕ ಮನ್ಯಾಗ ಮಂಚ ಐತಿ.’

ಮಾರೆಪ್ಪ ಒಂದು ಬೀಡಿ ಹಚ್ಚಿ, ಎರಡು ದಮ್ಮು ಎಳೆದು, ನೇರ ಅಳಿಯನಿಗೇ ಹೇಳಿದ: ‘ಹಂಗಾದ್ರ ಹಿಂದಿನ ಸೀಟು ತೆಗೆದು ಡಬ್ಬಿ ಮುಂದಕ್ಕ ಎಳಿಯಪಾ. ಎಂಟು ಕುರಿ ಹಿಡಿತಾವ.’

ಲಕ್ಷ್ಮಿಕಾಂತನ ಮುಖ ನೋಡಿ ಮಂಗಳಾಳಿಗೆ ಅಯ್ಯೋ ಅನಿಸಿತು. ಹಿಂದಿನ ಸೀಟಿಗೂ ಡಬ್ಬಿಗೂ ನಡುವಿನ ತಗಡಿನ ಗೋಡೆಯನ್ನು ಅವನು ಅಷ್ಟು ಚಂದ ಮಾಡಿದ್ದ. ಬೆಸುಗೆ ಎಲ್ಲಿದೆ ಎಂದು ಕೈಯಾಡಿಸಿದರೂ ಸಿಗುತ್ತಿರಲಿಲ್ಲ.

‘ಬ್ಯಾಡ,’ ಅಂದಳು ಜಂಬಮ್ಮ, ಕಿಟಕಿಯಿಂದ ಒಳಗೆ ಇಣುಕುತ್ತ. ‘ಸೀಟು ತೆಗೀರಿ, ಗೋಡಿ ಇರ್ಲಿ. ಹೊಲದಾಗ ಹುಟ್ಟಿದ ಮರಿಗಳನ್ನ ಇಲ್ಲಿ ಹಾಕ್ಕೋಂತೀನಿ. ನೆರಳೈತಿ. ತಾಯಿಗಳು ಹಿಂದ ನಿಂತ್ಕೊಳ್ಳಲಿ. ಇನ್ನೇನೂ ಕೊಯ್ಯಬ್ಯಾಡ ನೀನು. ನನಗ ಹತ್ತಾಕ ಎರಡು ಮೆಟ್ಲು, ಹಿಡ್ಕೊಳ್ಳಾಕ ಒಂದು ಕಂಬಿ, ಅಷ್ಟು ಮಾಡ್ಕೊಡು ಸಾಕು.’

ಲಕ್ಷ್ಮಿಕಾಂತ್ ಅಂದೇ ಮೆಟ್ಟಿಲು ಮಾಡಿದ. ಮಂಗಳಾ ಬೇಡವೆಂದರೂ ಬಿಡದೆ ಜಂಬಮ್ಮ ಸಂಜೆವರೆಗೆ ಹತ್ತಿ ಇಳಿದು, ಹತ್ತಿ ಇಳಿದು, ಕಂಬಿ ಒಂದು ಗೇಣು ಕೆಳಗೆ ಬರಲಿ ಅಂದಳು. ಅವನು ಮರುಮಾತಾಡದೆ ಕೆಳಗೆ ತಂದ. ಅದೇ ಮಾತನ್ನು ಮಾವ ಹೇಳಿದ್ದರೆ ಸುತ್ತಿಗೆ ಬಿಸಾಡುತ್ತಿದ್ದ.

ಗಾಡಿಯನ್ನು ಹೊಳಗುಂದಕ್ಕೆ ಓಡಿಸುವಂತಿರಲಿಲ್ಲ. ಪರಿಚಯದ ಯರ್ರೆಪ್ಪನ ಲಾರಿಯ ಮೇಲೆ ಏರಿಸಿ ಹಗ್ಗ ಬಿಗಿದರು. ದಾರಿಯಲ್ಲಿ ಕಂಡವರೆಲ್ಲ ಬೆರಳು ತೋರಿಸಿದರು. ‘ಒಂದು ಗಾಡಿ ಹೊರಾಕ ಇನ್ನೊಂದು ಗಾಡಿ,’ ಎಂದು ಮಂಗಳಾ ಗೊಣಗಿದಳು. ಹೊಲಿಯದ ಬ್ಲೌಸುಗಳು ಅವಳ ಕಣ್ಣ ಮುಂದಿದ್ದವು. ಆದರೂ ಬಂದಿದ್ದಳು; ಬರದೆ ಇರಲು ಆಗಲಿಲ್ಲ.

ಹೊಳಗುಂದದ ಮನೆಯ ಹಿತ್ತಲ ಬಾಗಿಲಿಂದ ಹೊರಟ ಗಾಡಿ ಮೊದಲ ಏರಿನಲ್ಲೇ ಕೆಮ್ಮಿ ನಿಂತಿತು. ಗಾಡಿ ಓಡಿಸುತ್ತಿದ್ದ ಮಾರೆಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಳಿಯನನ್ನು ನೋಡಿದ, ಅಳಿಯ ಮಾವನನ್ನು. ‘ಕ್ಲಚ್ ಮ್ಯಾಲೆ ಕಾಲಿಟ್ಟು ಕುಂತೀರಿ, ತೆಗೀರಿ,’ ಎಂದು ಡಬ್ಬಿಯಲ್ಲಿ ಹೆಂಡತಿಯ ಪಕ್ಕ ನಿಂತಿದ್ದ ಲಕ್ಷ್ಮಿಕಾಂತ್ ಕೂಗಿದ. ಗಾಡಿ ಮತ್ತೆ ಹೊರಟಿತು. ಕಲ್ಲುದಾರಿಯಲ್ಲಿ ಕುಣಿಯುತ್ತ, ಎರೆಹೊಲದ ಅಂಚಿನಲ್ಲಿ ವಾಲುತ್ತ ಹೋಯಿತು, ಎಲ್ಲೂ ಹೊಟ್ಟೆ ತಾಗಲಿಲ್ಲ. ಮುಂದಿನ ಸೀಟಿನಲ್ಲಿ ಜಂಬಮ್ಮ ಬಾಗಿಲಿಗೆ ಮೊಣಕೈ ಊರಿ, ಆ ಹೊಲ ಯಾರು ಬಿತ್ತಿದ್ದು, ಈ ಬೇಲಿ ಯಾವಾಗ ಬಿತ್ತು ಎಂದು ಒಂದೇ ಸಮ ಕೇಳುತ್ತಿದ್ದಳು. ಮಾರೆಪ್ಪ ಒಂದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ. ಅವನ ಕಣ್ಣೆಲ್ಲ ಕಲ್ಲುಗಳ ಮೇಲಿತ್ತು.

ದೊಡ್ಡಿಯ ಹತ್ತಿರ ಜಂಬಮ್ಮ ಕಂಬಿ ಹಿಡಿದು ಒಬ್ಬಳೇ ಇಳಿದಳು. ಕುರಿಗಳು ಗಾಡಿಯ ಸದ್ದಿಗೆ ಹೆದರಿ ಮೂಲೆ ಸೇರಿದ್ದವು. ಅವಳು ನಾಲಿಗೆ ಲೊಚಗುಟ್ಟಿ ಕರೆದಳು. ಹಳೆಯ ಎರಡು ಹೆಣ್ಣುಕುರಿಗಳು ಕಿವಿ ನಿಮಿರಿಸಿ ಮುಂದೆ ಬಂದವು, ಅವುಗಳ ಹಿಂದೆ ಉಳಿದವು. ಮಂಗಳಾಳ ಸಿಟ್ಟು ಆಗ ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ.

ಜಂಬಮ್ಮ ಒಂದು ಕುರಿಯ ಬೆನ್ನು ಒತ್ತಿ ನೋಡಿದಳು, ಇನ್ನೊಂದರ ಗೊರಸು ಎತ್ತಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

‘ನಾ ಬರ್ಲಿಲ್ಲ ಅಂದ್ರ ಹಿಂಗ ಸಾಕೋದಾ ಕುರಿ? ಎಲುಬು ಕೈಗೆ ಹತ್ತಾಕತ್ತಾವ! ಇದರ ಗೊರಸು ಕೊಳ್ತೈತಿ, ನಿನ್ನ ಕಣ್ಣಿಗೆ ಬಿದ್ದಿಲ್ಲಾ? ಗಾಡಿ ಮಾಡಸಾಕ ಹೋಗಿದ್ನಂತ ಗಾಡಿ! ಆ ಬ್ಯಾನಿ ಬಿದ್ದ ಕುರಿನ ಮೊದ್ಲು ಹತ್ಸು.’

ಮಾರೆಪ್ಪ ಅಳಿಯನ ಕಡೆ ನೋಡಿದ. ಲಕ್ಷ್ಮಿಕಾಂತ್ ಬಾನೆಟ್ ಎತ್ತಿ ತಲೆಯನ್ನು ಎಂಜಿನ್ನಿನೊಳಗೆ ಹಾಕಿಬಿಟ್ಟ. ಮಗಳ ಕಡೆ ನೋಡಿದ. ಮಂಗಳಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಂಟುವ ಕುರಿಯ ಹಿಂಗಾಲುಗಳನ್ನು ಹಿಡಿದಳು.

‘ನೋಡ್ಕೋತ ನಿಂತ್ರ ಆಗಲ್ಲಪಾ,’ ಅಂದಳು. ‘ಮುಂದಿನ ಕಾಲು ಹಿಡಿ. ನನಗ ಸಂಜಿ ಬಸ್ಸಿಗೆ ಹೋಗ್ಬೇಕು.’