ಗುರುಸಿದ್ದಮ್ಮನ ಸಮಾಧಿ ಬಿದ್ದ ಪಟ್ಟಿ

ಬೇಗೂರು ಕೆರೆಯ ಹಿಂದಿನ ಹೊಲದಲ್ಲಿ ಸರ್ವೇಯರ್ ಅಳತೆ ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. "ಬದುವಿನ ಪಕ್ಕದ ಆರಡಿ ಪಟ್ಟಿ ನಿಮ್ಮದೇ ಕಣಮ್ಮ," ಎಂದ.

ಶಿವಬಸಮ್ಮ ತಲೆಯಾಡಿಸಿದಳು. ಹದಿನಾರು ವರ್ಷ ಈ ಒಂದು ಮಾತಿಗಾಗಿ ಕಚೇರಿ ಅಲೆದ ಗಂಡ ಹೋದ ಕಾರ್ತೀಕದಲ್ಲಿ ತೀರಿಕೊಂಡಿದ್ದ. ಅವಳಿಗೆ ಖುಷಿಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಕೊತ್ತಂಬರಿ ಮಡಿಗೆ ನೀರು ಬಿಟ್ಟು ಬಂದಿದ್ದು ನೆನಪಾಯಿತು, ಅಷ್ಟೆ.

ಅವಳ ಮಾವನೂ ಪಕ್ಕದ ಹೊಲದ ಪರಮಶಿವಯ್ಯನ ಅಪ್ಪನೂ ಒಬ್ಬನೇ ಧಣಿಯ ಗೇಣಿದಾರರು. ಉಳುವವನಿಗೇ ಭೂಮಿ ಎಂದು ಸರ್ಕಾರ ಹಂಚಿದಾಗ ಇಬ್ಬರಿಗೂ ಎರಡೆರಡು ಎಕರೆ ಸಿಕ್ಕಿತು. ಮುದುಕರು ಕಣ್ಣಂದಾಜಿನಲ್ಲೇ ಬದು ಹಾಕಿಕೊಂಡರು. ಅವರಿರುವ ತನಕ ತಕರಾರಿರಲಿಲ್ಲ. ಸುತ್ತ ಲೇಔಟುಗಳೆದ್ದು ನೆಲವನ್ನು ಅಡಿ ಲೆಕ್ಕದಲ್ಲಿ ಮಾರುವ ಕಾಲ ಬಂತು ನೋಡಿ, ಬದು ಓಡಾಡತೊಡಗಿತು. ಇವರು ಒಂದು ಗೇಣು ಆ ಕಡೆ ಉತ್ತರೆ, ಮರುವರ್ಷ ಅವರು ಎರಡು ಗೇಣು ಈ ಕಡೆ.

ಏಳು ವರ್ಷದ ಕೆಳಗೆ ಪರಮಶಿವಯ್ಯನ ಹೆಂಡತಿ ಗುರುಸಿದ್ದಮ್ಮ ಹೋದಾಗ ಅವಳನ್ನು ಆ ಪಟ್ಟಿಯಲ್ಲೇ ಸಮಾಧಿ ಮಾಡಿದರು. "ಹೆಂಡ್ತೀನ ಹೂತು ಜಮೀನು ಹಿಡ್ಕೊಂಡ," ಎಂದು ಶಿವಬಸಮ್ಮನ ಗಂಡ ಮಣ್ಣಿಗೆ ಹೋಗಲಿಲ್ಲ, ಹೆಂಡತಿಯನ್ನೂ ಹೋಗಗೊಡಲಿಲ್ಲ. ಗುರುಸಿದ್ದಮ್ಮನೂ ಶಿವಬಸಮ್ಮನೂ ಇಪ್ಪತ್ತು ವರ್ಷ ಒಂದೇ ಟೆಂಪೋದಲ್ಲಿ ಸೊಪ್ಪು ಹೇರಿಕೊಂಡು ಜಯನಗರಕ್ಕೆ ಹೋಗಿ ಮಾರಿದವರು.

ಮಗ ಶಶಿಕಾಂತ್ ಆಗಲೇ ಫೋನ್ ಹಿಡಿದಿದ್ದ. "ಸೋಮವಾರಾನೇ ಫೆನ್ಸಿಂಗ್ ಹಾಕಿಸ್ತೀನಮ್ಮ. ಅವ್ರು ಸಮಾಧಿ ತೆಕ್ಕೊಳ್ಲಿ, ಬೇಕಾದ್ರೆ ಒಂದು ತಿಂಗಳು ಟೈಮ್ ಕೊಡೋಣ."

ಪರಮಶಿವಯ್ಯ ತನ್ನ ಹೊಲದ ಹೊಂಗೆಮರದ ಕೆಳಗೆ ನಿಂತು ನೆಲ ನೋಡುತ್ತಿದ್ದ.

"ಪಟ್ಟಿ ಬಿಟ್ಟು ಈಚೆಗೆ ಹಾಕ್ಸು ಕಂಬ," ಎಂದಳು ಶಿವಬಸಮ್ಮ.

"ಹಂಗಂದ್ರೆ ಅವ್ರಿಗೇ ಹೋಯ್ತಲ್ಲ! ಮತ್ತೆ ಅಪ್ಪ ಹೊಡೆದಾಡಿದ್ದು ಯಾಕೆ?"

"ಗೊತ್ತಿಲ್ಲ ಕಣೋ," ಎಂದು ಸರ್ವೇಯರ್ ತೋರಿಸಿದ ಕಡೆ ಸಹಿ ಹಾಕಿದಳು.

ಸಂಜೆ ಸೊಪ್ಪು ಕಟ್ಟುತ್ತಿದ್ದಾಗ ಪರಮಶಿವಯ್ಯ ಬಂದ. ಏಳು ವರ್ಷದಲ್ಲಿ ಅವಳ ಹೊಲಕ್ಕೆ ಕಾಲಿಟ್ಟಿದ್ದು ಇದೇ ಮೊದಲು.

"ನಿನ್ನ ಗಂಡ ಅಂದಿದ್ದು ನಿಜ ಕಣಮ್ಮ. ನನ್ನ ಸಮಾಧಿ ಅತ್ತೆ ಪಕ್ಕದಲ್ಲೇ ಮಾಡಿ ಅಂದಿದ್ಲು ನಮ್ಮವಳು. ನಾನೇ ಪಟ್ಟಿಗೆ ತಂದೆ."

"ಗೊತ್ತಿತ್ತು ಪರಮಣ್ಣ. ಅವಳು ನಂಗೂ ಹೇಳಿದ್ಲು."

"ಗೊತ್ತಿದ್ದೂ ಬಿಟ್ಯಾ?"

"ಮಲಗಿರೋಳನ್ನ ಯಾಕೆ ಎಬ್ಬಿಸೋದು."

ಅವನು ಹೆಗಲ ಟವಲ್ಲಿನಿಂದ ಮುಖ ಒರೆಸಿಕೊಂಡ. ಅವಳು ಕಟ್ಟುವುದನ್ನು ನಿಲ್ಲಿಸಲಿಲ್ಲ. ಎಷ್ಟೋ ಹೊತ್ತಿಗೆ ತಲೆಯೆತ್ತಿದಾಗ ಅವನು ಹೋಗಿದ್ದ.

ಸೋಮವಾರ ಪಟ್ಟಿ ಬಿಟ್ಟು ಈಚೆಗೇ ಕಂಬಗಳು ಬಂದವು. ಶಶಿಕಾಂತ್ ನಾಲ್ಕು ದಿನ ಮಾತು ಬಿಟ್ಟ. ಐದನೆಯ ದಿನ ಬೆಳಗ್ಗೆ ಶಿವಬಸಮ್ಮ ಸೆರಗು ಸಿಕ್ಕದಂತೆ ತಂತಿ ದಾಟಿ ಸಮಾಧಿಯ ಹತ್ತಿರ ನಿಂತಳು. ಈಗಲಾದರೂ ಅಳು ಬರಬಹುದು ಎಂದುಕೊಂಡಿದ್ದಳು. ಬರಲಿಲ್ಲ. ಕಲ್ಲಿನ ಸಂದಿಯಲ್ಲಿ ಕಳೆ ಬೆಳೆದಿತ್ತು. ಕುಕ್ಕರುಗಾಲಲ್ಲಿ ಕೂತು ಒಂದು ಕಿತ್ತಳು, ಇನ್ನೊಂದು ಕಿತ್ತಳು. ಎಲ್ಲ ಮುಗಿದ ಮೇಲೆ ಕೈಯ ಮಣ್ಣು ಕೊಡವಿ ಎದ್ದಳು.