ಕಾವಲಿಯ ಗಿಡ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ಆ ವರ್ಷ ಹೋದ ಚಳಿ ನಾಲ್ಕೇ ದಿನಕ್ಕೆ ಹೊಳ್ಳಿ ಬಂತು. ಕೆಂಭಾವಿ ದಾರಿಯಲ್ಲಿರುವ ಶ್ರೀಮಂತ ಎಂಬ ಸಾವ್ಕಾರನ ಮಾವಿನ ತೋಟದಲ್ಲಿ, ಕೋಳಿ ಕೂಗುವ ಮುಂಚೆ, ಕಾವಲಿ ಕಾಯುವ ದೇವಕಮ್ಮ ಮೂರು ಕಲ್ಲಿನ ಒಲೆ ಹೊತ್ತಿಸುತ್ತಿದ್ದಳು. ಗುಡಿಸಲೊಳಗೆ ಮಗಳು ಅನುರಾಧಾ, ಹದಿನೆಂಟು ದಿನದ ಬಾಣಂತಿ. ತಾಯಿಗೂ ಕೂಸಿಗೂ ಎರೆಯಲು ಹಂಡೆಯ ನೀರು ಕುದಿಯಬೇಕು. ಜಾಲಿಕಟ್ಟಿಗೆ ಹಸಿಯದು, ಉರಿಗಿಂತ ಹೊಗೆಯೇ ಹೆಚ್ಚು. ಗುಡಿಸಲ ಮೇಲೆ ಬಾಗಿದ ಹುಳಿಮಾವಿನ ಗಿಡ ಬಿಸಿಲೇರುವ ತನಕ ಆ ಹೊಗೆಯಲ್ಲೇ ಮುಳುಗಿರುತ್ತಿತ್ತು.

ಆ ಗಿಡವೇ ಅವಳ ಕೂಲಿ. ಹೂ ಬಿಟ್ಟಂದಿನಿಂದ ಹಣ್ಣಿಳಿಯುವ ತನಕ ತೋಟ ಕಾದವರಿಗೆ ಒಂದು ಗಿಡದ ಫಸಲು, ಅದು ಆ ತೋಟದ ವಾಡಿಕೆ. ಯುಗಾದಿಯೊಳಗೆ ಧಣಿ ಬಂದು ಬೊಡ್ಡೆಗೆ ಸುಣ್ಣದ ಪಟ್ಟಿ ಬಳಿಯಬೇಕು, ಬಳಿದದ್ದು ಕಾವಲಿಯವರದು. ಶ್ರೀಮಂತನ ಅಪ್ಪ ಹುಳಿಗಿಡಕ್ಕೆ ಒಂದು ಸಲ ಬಳಿದಿದ್ದ. ಅವನು ಸತ್ತು ಹನ್ನೊಂದು ವರ್ಷ, ಪಟ್ಟಿ ಮಳೆಗೆ ತೊಳೆದು ಹೋಗಿತ್ತು. ಮತ್ತೆ ಬಳಿಯಿರಿ ಎಂದು ದೇವಕಮ್ಮ ಕೇಳಿರಲಿಲ್ಲ. ಹಲ್ಲು ಚುಳ್ಳೆನ್ನುವ ಕಾಯಿಗೆ ಯಾರು ಕಣ್ಣು ಹಾಕುತ್ತಾರೆ? ಉಪ್ಪಿನಕಾಯಿಗೆ ಮಾರಿದರೆ ವರ್ಷದ ಜೋಳ ಬರುತ್ತಿತ್ತು, ಅಷ್ಟು ಸಾಕಾಗಿತ್ತು.

ಮೊದಲ ದಿನ ಮಂಜು ಬಿದ್ದಾಗಲೇ ಅವಳು ಸಾವ್ಕಾರನ ಮನೆಗೆ ಓಡಿದ್ದಳು.

"ಯಪ್ಪಾ, ಸಾಲಿಗೊಂದು ಹೊಗಿ ಹಾಕಬೇಕ್ರಿ, ಇಲ್ಲಾಂದ್ರ ಹೂವು ಕರ್ರಗ ಆಗತಾವ. ಹತ್ತಿಕಟಗಿ ಕೊಡಸ್ರಿ."

"ಕಟಗಿ ಎಲ್ಲಾ ಇಟ್ಟಂಗಿ ಭಟ್ಟಿಗಿ ಮಾರೀನಿ. ಹೂವಿಗೇನ್ ನೆಗಡಿ ಬರತದೇನು? ಹೋಗ್ ಹೋಗ್."

ಐದು ದಿನ ಮಂಜು ಬಿತ್ತು.

ವಾರ ಕಳೆದು ಶ್ರೀಮಂತ ಹಣ್ಣಿನ ವ್ಯಾಪಾರಿ ಸುಲ್ತಾನಸಾಬನನ್ನು ಕರೆತಂದ. ಸುಲ್ತಾನಸಾಬ ಒಂದು ಹೂಗೊಂಚಲು ಹಿಡಿದೆಳೆದ. ಅದು ಅಂಗೈಯಲ್ಲಿ ಪುಡಿಪುಡಿಯಾಯಿತು.

"ಇದಕ್ಕೇನ್ ಕೊಡ್ಲಿ ಸಾವ್ಕಾರ? ಹಲ್ಲುಜ್ಜಾಕ ಬರತದ, ಅಷ್ಟ."

ಸಾಲು ಸಾಲು ನೋಡುತ್ತ ಗುಡಿಸಲಿಗೆ ಬಂದವನು ತಲೆಯೆತ್ತಿ ನಿಂತುಬಿಟ್ಟ. ಹುಳಿಗಿಡದ ರೆಂಬೆ ರೆಂಬೆಗೂ ಮೆಣಸಿನಕಾಳಿನಷ್ಟು ಕಾಯಿ ಕಚ್ಚಿತ್ತು.

"ಯಾ ಅಲ್ಲಾ! ಈ ವರ್ಷ ಶಹಾಪುರ ಬಜಾರದಾಗ ಕಾಯಿ ಕಾಣೂದಿಲ್ಲ. ಹುಳಿ ಇದ್ರೇನ್, ಬಂಗಾರದಂಗ ಹೋಗತದ."

ಶ್ರೀಮಂತ ಒಲೆಯನ್ನು ನೋಡಿದ, ಗಿಡವನ್ನು ನೋಡಿದ.

"ನಿನಗ ಹೊಗಿ, ನನಗ ಮಂಜು. ಭಾರಿ ಕಾವಲಿ ಮಾಡೀದಿ ದೇವಕಮ್ಮ."

"ಬಾಣಂತಿ ನೀರಿನ ಒಲಿರಿ ಅದು. ನಾ ಅವತ್ತ ಕಟಗಿ ಕೇಳಾಕ ಬಂದಿದ್ನಲ್ರಿ."

"ಇರಲಿ. ಈ ಗಿಡ ನಿಂದಂತ ಯಾರ್ ಅಂದಾರ? ಪಟ್ಟಿ ಎಲ್ಲದ, ತೋರಸು."

ದೇವಕಮ್ಮ ಸುಲ್ತಾನಸಾಬನ ಕಡೆ ತಿರುಗಿದಳು. "ಸಾಬ್ರ, ವರ್ಷಾ ಇದರ ಕಾಯಿ ನನ್ ಕಡಿಂದನ ಕೊಂಡೀರಿ. ಒಂದ್ ಮಾತ ಹೇಳ್ರಿ."

ಸುಲ್ತಾನಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾ ವ್ಯಾಪಾರದವ ದೇವಕ್ಕ. ಗಿಡ ಯಾರದಂತ ನನಗೇನ್ ಗೊತ್ತು?" ಎಂದ. ಕಣ್ಣು ಮಾತ್ರ ಕಾಯಿಯ ಮೇಲೇ ಇತ್ತು.

ಮರುದಿನ ಶ್ರೀಮಂತ ಬಟ್ಟಲಲ್ಲಿ ಸುಣ್ಣ ಕಲಸಿಕೊಂಡೇ ಬಂದ, ಜೊತೆಗೆ ಸುಲ್ತಾನಸಾಬನೂ ಇದ್ದ. ಶ್ರೀಮಂತ ಹುಳಿಗಿಡ ದಾಟಿ, ತೋಟದ ನಡುವಿನ ದೊಡ್ಡ ಗಿಡದ ಮುಂದೆ ನಿಂತು ದೇವಕಮ್ಮನನ್ನು ಕರೆದ. ಹೋದ ವರ್ಷ ರೆಂಬೆಗೆ ಆಸರೆ ಕೊಡಬೇಕಾದಷ್ಟು ಹಣ್ಣು ಬಿಟ್ಟ ಗಿಡ, ಈಗ ಒಂದು ಹೂ ಉಳಿದಿರಲಿಲ್ಲ.

"ಹುಳಿ ತಿಂದು ನಿನ್ನ ಹಲ್ಲು ಸವದಿರಬೇಕು. ಈ ಸಲ ಸಿಹಿ ತಿನ್ನು. ಬಟ್ಟಲ ಹಿಡಿ."

ಗುಡಿಸಲ ಬಾಗಿಲಿಗೆ ಬಂದ ಅನುರಾಧಾ ಕೂಗಿದಳು: "ಯವ್ವಾ, ಹಿಡೀಬ್ಯಾಡ! ಹೋಗೂಣು ನಡಿ."

"ಹೋಗ್ರಿ," ಎಂದ ಶ್ರೀಮಂತ, ಕುಂಚ ಅದ್ದುತ್ತ. "ಗುಡಸಲಾ ನಂದ, ಬಾಗಲಾ ಹಾಕ್ಕೊಂಡ್ ಹೋಗ್ರಿ. ಇರೂದಾದ್ರ ಹಣ್ಣಿಳಿಯೂತನ ಕಾವಲಿ ನಿಂದ. ಹುಳಿಗಿಡದ ಒಂದ್ ಕಾಯಿ ಕಮ್ಮಿ ಆಗಬಾರದು."

ಕೂಸು ಅಳುವುದು ಕೇಳಿಸಿತು. ಇನ್ನೂ ಚಳಿಯಿತ್ತು. ದೇವಕಮ್ಮ ಬಟ್ಟಲು ಹಿಡಿದಳು. ಶ್ರೀಮಂತ ಅವಸರವಿಲ್ಲದೆ, ಬೊಡ್ಡೆಯ ಸುತ್ತ ಒಂದೆಳೆ ತಪ್ಪದಂತೆ ಪಟ್ಟಿ ಎಳೆದ.

"ಸಾಬ್ರ ಮುಂದ ಅಂದಬಿಡು. ಈ ವರ್ಷದ ಕೂಲಿ ಮುಟ್ಟೇದ ಅಂತ."

ಅವಳು ಗುಡಿಸಲ ಕಡೆ ನೋಡಿದಳು. ಅವನು ಕಾದ.

"ಮುಟ್ಟೇದ್ರಿ," ಎಂದಳು.